ಮೊಣಕೈಯ ಮಡಿಲು

ಕುತಾಯಿಸಿಯ ಹಳೇ ಅಂಗರಚನಾ ಶಾಲೆಯಲ್ಲಿ
ಮೂರನೇ ಮೇಜು ನನ್ನದು.
ಮುಖಕ್ಕೆ ಬಟ್ಟೆ. ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ.
ಎಡತೋಳು ಹೊರಗೆ, ಅಂಗೈ ಮೇಲಾಗಿ,
ಯಾರೋ ಈಗ ಏನೋ ಕೊಡಲಿದ್ದಾರೆ ಎಂಬಂತೆ.

ಗ್ವಾಂಟ್ಸಾಳ ಕೈಯಲ್ಲಿ ಚೂರಿ ನಡುಗುತ್ತಿದೆ.
ಲಾಶಾ ಬೆಳಿಗ್ಗೆ ಏನೂ ತಿಂದು ಬಂದಿಲ್ಲ, ಜಾಣ.
"ಕಿತ್ತಳೆಯ ಸಿಪ್ಪೆಯಲ್ಲ," ಎನ್ನುತ್ತೇನೆ,
"ಲಕೋಟೆಯಿಂದ ಅಂಚೆಚೀಟಿ ಬಿಡಿಸಿದ ಹಾಗೆ. ನಿಧಾನ."

ಮೊದಲು ರಟ್ಟೆ.
ಎಲ್ಲರೂ ಬಲ್ಲ ಎರಡು ತಲೆಯ ಸ್ನಾಯು,
ಹುಡುಗರು ಕನ್ನಡಿ ಮುಂದೆ ಉಬ್ಬಿಸುವುದು ಇದನ್ನೇ.
ಒಂದು ತಲೆ ಹೆಗಲ ಗೂಡಿನೊಳಗಿಂದ ನುಸುಳಿ ಬರುತ್ತದೆ,
ಇನ್ನೊಂದು ಕಾಗೆಕೊಕ್ಕಿನ ಮೂಳೆಗೆ ಜೋತುಬಿದ್ದಿದೆ.
ಬಾಗಿಸುತ್ತದೆ ಎಂದಷ್ಟೇ ಬರೆದರೆ ಅರ್ಧ ಅಂಕ.
ಕವುಚಿದ ಅಂಗೈಯನ್ನು ಮಗುಚಿ
ಆಕಾಶಕ್ಕೆ ತೋರಿಸುವುದೂ ಇದೇ.
ಬೀಗದೊಳಗೆ ಕೀಲಿ ತಿರುವುವುದು,
ದ್ರಾಕ್ಷಾರಸದ ಬಿರಡೆ ಬಿಚ್ಚುವುದು,
ಚಿಲ್ಲರೆಗೆ ಕೈಯೊಡ್ಡುವುದು.

ಅದನ್ನು ಪಕ್ಕಕ್ಕೆ ಸರಿಸಿ. ಅಡಿಯಲ್ಲಿ ಮಲಗಿದೆ ನೋಡಿ,
ಅಗಲ, ಗಿಡ್ಡ, ಯಾರೂ ಹೆಸರು ಕೇಳದ್ದು.
ಅಂಗೈ ಮೇಲಿರಲಿ ಕೆಳಗಿರಲಿ ಇದಕ್ಕೆ ಲೆಕ್ಕವಿಲ್ಲ,
ಬಾಗು ಎಂದರೆ ಬಾಗುತ್ತದೆ.
ಬಕೆಟ್ಟು ಎತ್ತಿದ್ದು, ಮಗು ಎತ್ತಿದ್ದು, ಹಿಟ್ಟಿನ ಮೂಟೆ ಎತ್ತಿದ್ದು ಇದು.
ಹೊಗಳಿಸಿಕೊಂಡದ್ದು ಮೇಲಿನದು.

ಹಿಂಬದಿಯ ಮೂರು ತಲೆಯದು ನಾಳೆಗೆ.
ತಳ್ಳುವವರ ಸ್ನಾಯು ಅದು.
ಇವಳದು ದಪ್ಪಗಿದೆ. ತುಂಬ ತಳ್ಳಿದ್ದಾಳೆ.

ಈಗ ಮೊಣಕೈಯ ಮಡಿಲು: ಮೂರು ಮೂಲೆಯ ಹಳ್ಳ,
ಎರಡು ಗಂಟುಮೂಳೆಗಳ ನಡುವೆ ಎಳೆದ ಗೆರೆಯೊಂದು,
ಆಚೀಚೆ ಮುಂಗೈಗಿಳಿಯುವ ಎರಡು ಸ್ನಾಯು.
ಚರ್ಮದ ಮೇಲೆ ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ.
"ಸೂಜಿ," ಎನ್ನುತ್ತಾಳೆ ಗ್ವಾಂಟ್ಸಾ. "ಕಾಯಿಲೆಯವಳೇ?"
ಚರ್ಮ ಸರಿಯಿತು.
ಸಿರೆ. ಕವಣೆಯ ಹಾಗೆ ಕವಲೊಡೆದದ್ದು.

ಹದಿನೇಳು ವರ್ಷ ಇದೇ ಊರಿನ ರಕ್ತನಿಧಿಯಲ್ಲಿ
ನಾನು ಮುಖಗಳಿಗಿಂತ ಹೆಚ್ಚು ಮೊಣಕೈಗಳನ್ನು ನೋಡಿದವಳು.
ಈ ಸಿರೆ ನನಗೆ ಗೊತ್ತು.
ಸೂಜಿ ಕಂಡರೆ ಮೀನಿನಂತೆ ಜಾರುತ್ತಿತ್ತು,
ಹೆಬ್ಬೆರಳೊತ್ತಿ ಹಿಡಿಯಬೇಕು.
"ಸಿಕ್ಕಿತೇನೇ?" ಎಂದು
ಕಿಟಕಿಯತ್ತ ಮುಖ ಮಾಡಿ ಕೇಳುತ್ತಿದ್ದಳು ಝೂಝುನಾ,
ರೊಟ್ಟಿ ಸುಡುವವಳು. ಬಾವಿಯಂಥ ತೋನೆ ಒಲೆಗೆ
ಸೊಂಟದವರೆಗೆ ಬಗ್ಗಿ ಒಳಗೋಡೆಗೆ ಹಿಟ್ಟು ಬಡಿದು
ಮುಂಗೈಗೆ ಸುಟ್ಟಗಾಯದ ಬಳೆ ತೊಟ್ಟವಳು.
ವರ್ಷಕ್ಕೆ ಮೂರು ಸಲ ಬರುವಳು.
ರಕ್ತ ಕೊಟ್ಟಾದ ಮೇಲೆ ನಮ್ಮ ಬಿಸ್ಕತ್ತು ಮುಟ್ಟದೆ
ಕಂಕುಳಲ್ಲಿಟ್ಟು ತಂದ ಬಿಸಿ ಶೋತಿ ಮುರಿದು
ಅರ್ಧ ನನಗೆ.

ಇವಳೇ ಎಂದು ಆಣೆಯಿಟ್ಟು ಹೇಳಲಾರೆ.
ಫಾರ್ಮಲಿನ್ ಎಲ್ಲರನ್ನೂ ಒಂದೇ ಬಣ್ಣಕ್ಕೆ ತರುತ್ತದೆ.
ಮುಂಗೈಯಲ್ಲಿ ಕಂದು ಗೆರೆಗಳಿವೆ, ನಿಜ.
ಬಟ್ಟೆ ಎತ್ತಿದರೆ ತಿಳಿದೀತು.
ಎತ್ತಲಿಲ್ಲ.

"ಸಿರೆಯ ಕೆಳಗೆ ಬೆರಳಾಡಿಸಿ," ಎಂದೆ.
"ತೆಳ್ಳನೆ ಬಿಳಿ ಪೊರೆ ಸಿಕ್ಕಿತೇ?
ಎರಡು ತಲೆಯದರ ಕಂಡರ ಒಳಬದಿಗೆ ಚಾಚಿದ ಸೆರಗು ಅದು.
ಅದರ ಮರೆಯಲ್ಲಿ ಧಮನಿ, ಧಮನಿಗೊತ್ತಿ ನಡುನರ.
ಕ್ಷೌರಿಕರೇ ರಕ್ತ ಬಿಡುತ್ತಿದ್ದ ಕಾಲದಲ್ಲಿ
ಕತ್ತಿ ಸಿರೆ ದಾಟಿ ಇಳಿದರೆ ಈ ಪೊರೆ ತಡೆಯುತ್ತಿತ್ತು.
ದೇವರ ದಯೆ ಎಂದು ಕರೆದರು ಇದನ್ನು."

"ಪರೀಕ್ಷೆಗೆ ಬರುತ್ತದಾ?" ಲಾಶಾ.
"ಹೊರಗಿನಿಂದ ಒಳಕ್ಕೆ ಹೇಳು."
"ಕಂಡರ, ಧಮನಿ, ನರ."
"ಇನ್ನೊಮ್ಮೆ."
ಅವನು ಹೇಳುತ್ತಲೇ ಇದ್ದ. ನನಗೆ ಒಂದು ನಿಮಿಷ ಬೇಕಿತ್ತು.
ಗ್ವಾಂಟ್ಸಾಗೆ ತಡವಾಗಿ ಉತ್ತರಿಸಿದೆ:
"ಕಾಯಿಲೆಯಲ್ಲ ಮಗಳೇ. ಕೊಟ್ಟದ್ದರ ಗುರುತು."

ಸಂಜೆ, ಎಲ್ಲರೂ ಹೋದ ಮೇಲೆ
ಒದ್ದೆ ಬಟ್ಟೆ ಹೊದಿಸುತ್ತ ಬಂದೆ, ಒಂದು, ಎರಡು, ಮೂರು.
ಮೂರನೇ ಮೇಜಿನಲ್ಲಿ ಕೈ ತನ್ನ ಹಳೇ ಅಭ್ಯಾಸಕ್ಕೆ ಹೋಯಿತು:
ಮಡಿಲಲ್ಲಿ ಒಂದು ಹತ್ತಿಯುಂಡೆ ಇಟ್ಟು
ಮುಂಗೈ ಹಿಡಿದು ಮೆಲ್ಲಗೆ ಮೇಲೆತ್ತಿ,
"ಮಡಚಿಕೋ, ಐದು ನಿಮಿಷ ಹೀಗೇ" ಎಂದೆ.

ತೋಳು ಮಡಚಲಿಲ್ಲ.
ಹತ್ತಿ ಬೆಳ್ಳಗೇ ಇತ್ತು.